ಮುದ್ದಮ್ಮ ತಿರುವಿಗೆ ಎಷ್ಟು ಕುದುರೆ?

ಷಡಕ್ಷರಿ: ಅರವತ್ತೇಳು ಎಚ್‌ಪಿ ಕಣೇ! ಕಂಪನಿಯೋರು ಪುಸ್ತಕದಲ್ಲೇ ಅಚ್ಚು ಹಾಕಿದಾರೆ. ಬೇಕಿದ್ರೆ ಕನ್ನಡಕ ಹಾಕ್ಕೊಂಡು ಓದು.

ಮುದ್ದಮ್ಮ: ನಮ್ಮ ತೋಟದ ಪಂಪ್‌ಸೆಟ್ ಎಷ್ಟು ಎಚ್‌ಪಿ?

ಷಡಕ್ಷರಿ: ಅದ್ಯಾಕೆ ಈಗ? ಹತ್ತು.

ಮುದ್ದಮ್ಮ: ಹತ್ತು ಎಚ್‌ಪಿ ಪಂಪು ಹಳ್ಳದ ನೀರನ್ನೆಲ್ಲ ಗುಡ್ಡದ ತುದಿಗೆ ಏರ್ಸಿ, ಅಲ್ಲಿಂದ ಸ್ಪ್ರಿಂಕ್ಲರಲ್ಲಿ ಚಿಮ್ಸುತ್ತೆ. ನಿಮ್ಮ ಅರವತ್ತೇಳು ಎಚ್‌ಪಿ ಕಾರು ನನ್ನೊಬ್ಬಳನ್ನ ಒಂದು ತಿರುವು ಹತ್ಸಲ್ಲ. ನಾನೇನು ಹಳ್ಳಕ್ಕಿಂತ ಭಾರಾನಾ?

ಷಡಕ್ಷರಿ: ನೀರು ಪೈಪಲ್ಲಿ ಹೋಗುತ್ತೆ. ನೀನು ಪೈಪಲ್ಲಿ ಹೋಗ್ತೀಯಾ?

ಚಿಕ್ಕಮಗಳೂರಿನ ಕಡೂರು ರಸ್ತೆಯಲ್ಲಿ ನವಾಜನ ಗ್ಯಾರೇಜು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ವಸ್ತಾರೆಯ ಕಾಫಿ ವ್ಯಾಪಾರಿ ಷಡಕ್ಷರಿ ಮತ್ತು ಅವರ ಧರ್ಮಪತ್ನಿ ಮುದ್ದಮ್ಮ ತಮ್ಮ ಹನ್ನೊಂದು ವರ್ಷದ ಬಿಳಿ ಕಾರಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಅದರ ತಲೆಯ ಮೇಲಿಂದ ಜಗಳವಾಡುತ್ತಿದ್ದರು. ಕಾರಿನ ಮುಂದಿನ ಚಕ್ರಗಳು ನೆಲದಲ್ಲಿ ಹೂತಿಟ್ಟ ಕಬ್ಬಿಣದ ಉರುಳೆಗಳ ಮೇಲೆ ಕೂತಿದ್ದವು. ಈ ಯಂತ್ರಕ್ಕೆ ಡೈನೋ ಎಂದು ಹೆಸರು. ಕಾರು ನಿಂತಲ್ಲೇ ಓಡುತ್ತದೆ, ಉರುಳೆ ತಿರುಗುತ್ತದೆ, ಚಕ್ರಕ್ಕೆ ಎಷ್ಟು ಕುದುರೆಯ ಬಲ ಬಂತು ಎನ್ನುವುದು ಪಕ್ಕದ ಕಂಪ್ಯೂಟರಿನಲ್ಲಿ ಕಾಣುತ್ತದೆ. ಕಾರ್ ರ್‍ಯಾಲಿಗೆ ಹೋಗುವವರಿಗಾಗಿ ನವಾಜ್ ಇದನ್ನು ಹಾಕಿಸಿದ್ದ. ಗಂಡ ಹೆಂಡಿರ ಜಗಳ ಅಳೆಯಲು ಅದು ಬಳಕೆಯಾಗುತ್ತಿದ್ದುದು ಇದೇ ಮೊದಲು.

ನವಾಜ್: ಸಾವ್ಕಾರ್ರೇ, ಅಮ್ಮಾವ್ರೇ, ಒಂದ್ನಿಮಿಷ. ಕಾರಿಗೆ ಏನಾಗಿದೆ ಅಂತ ಯಾರಾದ್ರೂ ಒಬ್ರು ಹೇಳ್ತೀರಾ?

ಷಡಕ್ಷರಿ: ಕಾರಿಗೆ ಏನೂ ಆಗಿಲ್ಲ.

ಮುದ್ದಮ್ಮ: ಕಾರಿಗೆ ಆಗಬಾರದ್ದೆಲ್ಲ ಆಗಿದೆ.

ನವಾಜ್: ಮತ್ತೆ ಇಲ್ಲಿಗೆ ಬಂದಿದ್ದು ಯಾಕೆ?

ಷಡಕ್ಷರಿ: ಇವಳ ಬಾಯಿ ಮುಚ್ಸೋಕೆ.

ಮುದ್ದಮ್ಮ: ಇವರ ಬಾಯಿ ತೆಗ್ಸೋಕೆ. ಕೇಳು ನವಾಜ್. ನನ್ನ ತವರು ಕಳಸದ ಹತ್ರ. ಊರಿಗೆ ಮುಂಚೆ ಒಂದು ತಿರುವಿದೆ, ಗೋಡೆ ಹತ್ತಿದ ಹಾಗೆ. ಬಸ್ಸು ಹತ್ತುತ್ತೆ, ಆಟೋ ಹತ್ತುತ್ತೆ. ಇವರ ಕಾರು ಮಾತ್ರ ಅಲ್ಲಿ ಬಂದು ಉಸ್ ಅಂತ ನಿಲ್ಲುತ್ತೆ. ಇವರು "ಇಳಿ ಮುದ್ದು" ಅಂತಾರೆ. ನಾನು ಇಳೀತೀನಿ. ಕಾರು ಖಾಲಿ ಹೋಗುತ್ತೆ, ನಾನು ಸೀರೆ ಎತ್ತಿ ಹಿಡ್ಕೊಂಡು ಹಿಂದೆ ನಡೀತೀನಿ. ಹನ್ನೊಂದು ವರ್ಷದಿಂದ ಇದೇ ಕತೆ.

ನವಾಜ್: ವರ್ಷಕ್ಕೆ ಎಷ್ಟು ಸಲ ಹೋಗ್ತೀರಮ್ಮ?

ಮುದ್ದಮ್ಮ: ಹಬ್ಬ, ಮದುವೆ, ಸಾವು, ಬಾಣಂತನ ಎಲ್ಲ ಸೇರಿ ಹತ್ತಕ್ಕೆ ಕಮ್ಮಿ ಇಲ್ಲ. ತಿರುವಲ್ಲಿ ಶಿವಗಂಗಮ್ಮ ಅಂತ ಒಬ್ರು ಸಣ್ಣ ಅಂಗಡಿ ಇಟ್ಕೊಂಡಿದಾರೆ. ಪಾಪ, ನಮ್ಮ ಕಾರಿನ ಸದ್ದು ಕೇಳಿದ್ರೆ ಸಾಕು, ಸ್ಟೂಲು, ಮಜ್ಜಿಗೆ ಹಿಡ್ಕೊಂಡು ಈಚೆ ಬರ್ತಾರೆ.

ಷಡಕ್ಷರಿ: ಹಾಗೆ ಹೇಳು, ಮಜ್ಜಿಗೆ ಆಸೆಗೆ ಇಳಿಯೋದು.

ಮುದ್ದಮ್ಮ: ಸುಮ್ನಿರ್ರೀ. ಈಗ ಆ ತಿರುವಿಗೆ ಏನು ಹೆಸರು ಬಿದ್ದಿದೆ, ನೀವೇ ಹೇಳಿ ಅವನಿಗೆ.

ಷಡಕ್ಷರಿ ಗೋಡೆಯ ಮೇಲಿದ್ದ ಟೈರಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮುದ್ದಮ್ಮ: ಮುದ್ದಮ್ಮ ತಿರುವು! ಬಸ್ ಕಂಡಕ್ಟರ್ ಕೂಗ್ತಾನೆ, "ಮುದ್ದಮ್ಮ ತಿರುವು ಯಾರ್ರೀ, ಬೇಗ ಇಳೀರಿ" ಅಂತ. ಪಂಚಾಯ್ತಿಯೋರು ಅಲ್ಲೊಂದು ಬಸ್ ನಿಲ್ದಾಣ ಕಟ್ಟಿದಾರೆ, ಬೋರ್ಡಿಗೂ ಅದೇ ಹೆಸರಂತೆ. ಭಾನುವಾರ ನಮ್ಮ ಶಶಿಧರಣ್ಣನ ಮೊಮ್ಮಗಳ ನಾಮಕರಣ. ಮಗುಗಿಂತ ಮುಂಚೆ ನನಗೇ ಆಗೋಗಿದೆ ನಾಮಕರಣ!

ನವಾಜನ ಕೈಯಿಂದ ಸ್ಪ್ಯಾನರ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಅವನ ಬೆನ್ನು ಕುಲುಕುತ್ತಿತ್ತು.

ನವಾಜ್: ಒಂದು ಜಾಗಕ್ಕೆ ನಿಮ್ಮ ಹೆಸರು ಬಿದ್ರೆ ಒಳ್ಳೇದೇ ಅಲ್ವಾ ಅಮ್ಮಾ?

ಮುದ್ದಮ್ಮ: ಯಾಕೆ ಬಿತ್ತು ಅಂತ ಯಾರಾದ್ರೂ ಕೇಳಿದ್ರೆ? "ಕಾರು ಹೊರಲಾರದಷ್ಟು ಭಾರ ಇದ್ದ ಒಬ್ಬ ಹೆಂಗಸು" ಅಂತಾರೆ. ನಾನು ಸತ್ತ ಮೇಲೂ ಅಲ್ಲಿ ದಿನಾ ಇಳೀತಾನೇ ಇರ್ಬೇಕು. ನನಗೆ ನಿಜವಾಗ್ಲೂ ಬೇಜಾರಾಗಿದೆ ನವಾಜ್. ನಗೋ ವಿಷಯ ಅಲ್ಲ ಇದು.

ನವಾಜ್ ಮುಖ ಗಂಭೀರ ಮಾಡಿಕೊಂಡು ಎದ್ದು ನಿಂತ.

ಷಡಕ್ಷರಿ: ಅದಕ್ಕೇ ಒಂದು ಒಪ್ಪಂದ ಆಗಿದೆ. ಮಷೀನು ಅರವತ್ತೇಳು ಅಂತ ತೋರ್ಸಿದ್ರೆ ತಪ್ಪು ಇವಳ ಭಾರದ್ದು. ಬೋರ್ಡಿನ ವಿಷಯ ಇವಳು ಉಸಿರೆತ್ತಬಾರದು. ಕಮ್ಮಿ ತೋರ್ಸಿದ್ರೆ ತಪ್ಪು ಕಾರಿಂದು. ಭಾನುವಾರ ತೊಟ್ಟಿಲ ಮುಂದೆ, ನೆಂಟರೆಲ್ಲ ಕೇಳೋ ಹಾಗೆ ನಾನು ಅದನ್ನ ಹೇಳ್ಬೇಕು.

ನವಾಜ್: ಏನಂತ ಹೇಳ್ಬೇಕು?

ಮುದ್ದಮ್ಮ: "ಮುದ್ದಮ್ಮ ಭಾರ ಅಲ್ಲ, ನನ್ನ ಕಾರಿಗೇ ಬಲ ಇಲ್ಲ" ಅಂತ. ಮೈಕಲ್ಲಿ.

ಷಡಕ್ಷರಿ: ಮೈಕಿನ ಮಾತು ಬಂದಿರ್ಲಿಲ್ಲ.

ಮುದ್ದಮ್ಮ: ಈಗ ಬಂತು.

ಷಡಕ್ಷರಿ: ಬರ್ಲಿ, ನನಗೇನು ಭಯ? ನವಾಜ್, ನೀನೇ ನ್ಯಾಯ ಹೇಳು. ಹೊಸ ಕಾರು ತಂದ ತಿಂಗಳು ಇವಳನ್ನೇ ಕೂರಿಸ್ಕೊಂಡು ಅದೇ ತಿರುವಿಗೆ ಹೋಗಿದ್ದೆ. ಬೆಣ್ಣೆ ಥರ ಹತ್ತಿತ್ತು. ಎರಡನೇ ಸಲದಿಂದ ಹತ್ಲಿಲ್ಲ. ಒಂದೇ ತಿಂಗಳಲ್ಲಿ ಕಾರು ಬದಲಾಯ್ತಾ?

ಮುದ್ದಮ್ಮ: ಮತ್ತೆ ಒಂದೇ ತಿಂಗಳಲ್ಲಿ ನಾನು ಎಷ್ಟು ಊದಿರ್ತೀನ್ರೀ? ನಾನೇನು ಹಲಸಿನಕಾಯಾ?

ನವಾಜ್: ಆಯ್ತು, ಆಯ್ತು. ಕೀ ಕೊಡಿ, ಓಡ್ಸಿ ನೋಡ್ತೀನಿ.

ಷಡಕ್ಷರಿ: ಕೀ ಕೊಡಲ್ಲ. ನನ್ನ ಕಾರಿನ ಆಕ್ಸಿಲರೇಟರ್ ಮೇಲೆ ಇಲ್ಲೀತನಕ ಬೇರೆಯೋರ ಕಾಲು ಬಿದ್ದಿಲ್ಲ. ಓಡ್ಸೋದು ನಾನೇ, ಒಳಗೆ ಗುಡ್ಸಿ ಒರೆಸೋದು ಇವಳೇ. ಮುದ್ದು, ಹತ್ತು, ಪಕ್ಕದಲ್ಲಿ ಕೂರು.

ನವಾಜ್: ಅಮ್ಮಾವ್ರು ಯಾಕೆ?

ಷಡಕ್ಷರಿ: ಭಾರ ಇಲ್ಲದೆ ಅಳತೆ ಎಂತ ಅಳತೆ ಮಾರಾಯ?

ನವಾಜ್: ಇದರಲ್ಲಿ ಭಾರ ಲೆಕ್ಕಕ್ಕಿಲ್ಲ ಸಾವ್ಕಾರ್ರೇ. ಕಾರು ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಬರೀ ಚಕ್ರ ತಿರುಗುತ್ತೆ.

ಮುದ್ದಮ್ಮ: ಕೇಳಿಸ್ತೇನ್ರೀ? ನನ್ನ ಭಾರ ಲೆಕ್ಕಕ್ಕೇ ಇಲ್ಲ ಅಂತ ಮಷೀನೇ ಹೇಳ್ತು. ಮುಗೀತು, ನಡೀರಿ ಮನೆಗೆ.

ನವಾಜ್: ಅಮ್ಮಾ, ಮಷೀನ್ ಇನ್ನೂ ಆನ್ ಮಾಡಿಲ್ಲ.

ಕಾರನ್ನು ಹಿಂದೆ ಮುಂದೆ ಬೆಲ್ಟು ಬಿಗಿದು ಕಟ್ಟಿದ್ದಾಯಿತು. ಎದುರಿಗೆ ದೊಡ್ಡ ಫ್ಯಾನು ತಿರುಗತೊಡಗಿತು. ಷಡಕ್ಷರಿ ಹಣೆಯ ವಿಭೂತಿ ಮುಟ್ಟಿಕೊಂಡು, ಸ್ಟೇರಿಂಗಿಗೆ ಕೈಮುಗಿದು ಸ್ಟಾರ್ಟ್ ಮಾಡಿದರು.

ನವಾಜ್: ನಾಲ್ಕನೇ ಗೇರು ಹಾಕಿ. ಹಾ, ಈಗ ಪೂರ್ತಿ ತುಳೀರಿ. ಪೂರ್ತಿ!

ಷಡಕ್ಷರಿ: ಪೂರ್ತಿನೇ ಮಾರಾಯ!

ನವಾಜ್: ಇನ್ನೂ ತುಳೀರಿ!

ಷಡಕ್ಷರಿ: ಇನ್ನೂ ತುಳಿದ್ರೆ ಕಾಲು ನೆಲ ತೂತು ಮಾಡ್ಕೊಂಡು ಹೋಗುತ್ತೆ!

ಸದ್ದಿಗೆ ತಗಡಿನ ಮಾಡು ನಡುಗಿತು. ಸ್ಪೀಡ್ ಮೀಟರಿನ ಮುಳ್ಳು ಎಂಬತ್ತು ದಾಟಿತು. ಷಡಕ್ಷರಿ ಅಭ್ಯಾಸಬಲದಿಂದ ಎರಡು ಸಲ ಹಾರನ್ ಹೊಡೆದರು. ಎದುರಿಗೆ ಫ್ಯಾನು ಬಿಟ್ಟರೆ ಯಾರೂ ಇರಲಿಲ್ಲ. ನವಾಜ್ ಕೈ ಎತ್ತಿದ ಮೇಲೆ ಕಾಲು ತೆಗೆದು, ಬೆವರು ಒರೆಸಿಕೊಳ್ಳುತ್ತ ಇಳಿದರು.

ನವಾಜ್: ಇಪ್ಪತ್ತೊಂಬತ್ತು.

ಮುದ್ದಮ್ಮ: ಎಷ್ಟಪ್ಪಾ? ಸರಿಯಾಗಿ ಕೇಳಿಸ್ಲಿಲ್ಲ.

ನವಾಜ್: ಇಪ್ಪತ್ತೊಂಬತ್ತು ಎಚ್‌ಪಿ.

ಮುದ್ದಮ್ಮ: ಇವರ ಕಡೆ ತಿರುಗಿ ಹೇಳು.

ಷಡಕ್ಷರಿ: ಮಿಕ್ಕಿದ್ದು ಎಲ್ಲಿ?

ನವಾಜ್: ಮಿಕ್ಕಿದ್ದು ಅಂದ್ರೆ?

ಷಡಕ್ಷರಿ: ಕಂಪನಿಯಿಂದ ಬರ್ತಾ ಅರವತ್ತೇಳು ಬಂದಿದ್ವು. ನಿನ್ನ ಗ್ಯಾರೇಜಿಗೆ ಬಂದ ಮೇಲೆ ಇಪ್ಪತ್ತೊಂಬತ್ತು. ಮೂವತ್ತೆಂಟು ಕುದುರೆ ಎಲ್ಲಿ ಕಟ್ಟಿದೀಯಾ, ಬಿಚ್ಚು!

ನವಾಜ್: ಪುಸ್ತಕದಲ್ಲಿರೋದು ಇಂಜಿನ್ ಲೆಕ್ಕ ಸಾವ್ಕಾರ್ರೇ. ಇಂಜಿನ್ನಿಂದ ಗೇರ್‌ಬಾಕ್ಸು, ಅಲ್ಲಿಂದ ಆಕ್ಸಲ್ಲು, ಅಲ್ಲಿಂದ ಚಕ್ರ. ದಾರೀಲಿ ಎಲ್ರೂ ಸ್ವಲ್ಪ ಸ್ವಲ್ಪ ತಿಂತಾರೆ.

ಷಡಕ್ಷರಿ: ತಿನ್ನೋಕೆ ಅದೇನು ಹುರಿಗಡಲೆಯಾ?

ನವಾಜ್: ನಿಮ್ಮ ಭಾಷೇಲೇ ಹೇಳ್ತೀನಿ. ನಮ್ಮಪ್ಪ ವರ್ಷಾ ವರ್ಷಾ ನಿಮಗೇ ತಾನೇ ಕಾಫಿ ಹಾಕೋದು? ಒಣಗಿಸಿದ ಹಣ್ಣು, ಐವತ್ತು ಕೆಜಿ ಚೀಲ ತಂದು ಇಡ್ತಾರೆ. ನೀವೇನ್ ಮಾಡ್ತೀರಿ?

ಷಡಕ್ಷರಿ: ಸ್ಯಾಂಪಲ್ ತೆಗೀತೀನಿ. ಸಿಪ್ಪೆ ಬಿಡಿಸಿ ಬೀಜ ತೂಗ್ತೀನಿ. ಔಟ್‌ಟರ್ನ್ ನೋಡದೆ ಯಾರಾದ್ರೂ ಕಾಫಿ ತಗೋತಾರಾ?

ನವಾಜ್: ಎಷ್ಟು ಬರುತ್ತೆ ಔಟ್‌ಟರ್ನು?

ಷಡಕ್ಷರಿ: ನಿಮ್ಮಪ್ಪಂದಾ? ಚೀಲಕ್ಕೆ ಇಪ್ಪತ್ತಾರು.

ನವಾಜ್: ಮಿಕ್ಕಿದ ಇಪ್ಪತ್ನಾಲ್ಕು ಎಲ್ಲಿ ಕಟ್ಟಿದೀರಾ?

ಷಡಕ್ಷರಿ: ಅದು ಸಿಪ್ಪೆ ಮಾರಾಯ! ಚೀಲದ ತೂಕ ಬೇರೆ, ಒಳಗಿನ ಬೀಜ ಬೇ...

ಷಡಕ್ಷರಿ ನಾಲಿಗೆ ಕಚ್ಚಿಕೊಂಡರು.

ನವಾಜ್: ಅಷ್ಟೇ ಸಾವ್ಕಾರ್ರೇ. ಪುಸ್ತಕದ ಅರವತ್ತೇಳು ಅನ್ನೋದು ಚೀಲದ ತೂಕ. ನನ್ನ ಮಷೀನು ತೋರ್ಸೋದು ಔಟ್‌ಟರ್ನು.

ಮೂವತ್ತು ವರ್ಷ ಬೆಳೆಗಾರರಿಗೆ ಹೇಳಿಕೊಂಡು ಬಂದ ಮಾತು ಹೀಗೆ ತಮ್ಮ ಮುಖಕ್ಕೇ ವಾಪಸು ಬಂದರೆ ಎಂಥ ವ್ಯಾಪಾರಿಗೂ ಕಷ್ಟ. ಷಡಕ್ಷರಿಗೆ ಈಗ ಬೆಳೆಗಾರರು ಹೇಳುವ ಮಾತುಗಳೇ ಬಾಯಿಗೆ ಬಂದವು.

ಷಡಕ್ಷರಿ: ನಿನ್ನ ತಕ್ಕಡಿ ಸರಿ ಇಲ್ಲ.

ನವಾಜ್: ನಮ್ಮಪ್ಪನೂ ಇದನ್ನೇ ಹೇಳ್ತಾರೆ.

ಷಡಕ್ಷರಿ: ಸ್ಯಾಂಪಲ್ ಸರಿಯಾಗಿ ತೆಗೆದಿಲ್ಲ.

ನವಾಜ್: ಅದನ್ನೂ ಹೇಳ್ತಾರೆ.

ಷಡಕ್ಷರಿ: ಇವತ್ತು ತೇವ ಜಾಸ್ತಿ ಇದೆ.

ನವಾಜ್: ಅದು ಮಾತ್ರ ನೀವು ಹೇಳೋದು.

ಮುದ್ದಮ್ಮ: ಇನ್ನೇನು ಉಳಿದಿದೆ ಮಾತು? ನವಾಜ್, ಇಪ್ಪತ್ತೊಂಬತ್ತು ಅಂತ ಕಾಗದದಲ್ಲಿ ಬರೆದು ಸೀಲ್ ಹಾಕಿ ಕೊಡು. ಕಟ್ಟು ಹಾಕಿಸಿ ತವರಲ್ಲೇ ತೂಗ್ಹಾಕ್ತೀನಿ.

ನವಾಜ್ ಕಾಗದ ತೆಗೆಯಲಿಲ್ಲ. ಅವನು ಕಂಪ್ಯೂಟರನ್ನೇ ನೋಡುತ್ತ ತಲೆ ಕೆರೆದುಕೊಳ್ಳುತ್ತಿದ್ದ. ಒಳ್ಳೆಯ ಮೆಕ್ಯಾನಿಕ್‌ಗಳ ತೊಂದರೆಯೇ ಇದು. ಜಗಳ ಮುಗಿದರೂ ಅವರಿಗೆ ಅನುಮಾನ ಮುಗಿಯುವುದಿಲ್ಲ.

ನವಾಜ್: ಆದ್ರೂ ಸತ್ಯ ಹೇಳ್ತೀನಿ ಸಾವ್ಕಾರ್ರೇ. ಗೇರ್‌ಬಾಕ್ಸು ಇಷ್ಟೊಂದು ತಿನ್ನಲ್ಲ. ಹತ್ತೋ ಹನ್ನೆರಡೋ ಹೋಗ್ಬೋದು. ಎಷ್ಟೇ ಹಳೇ ಕಾರಾದ್ರೂ ಐವತ್ತು ದಾಟ್ಬೇಕಿತ್ತು.

ಷಡಕ್ಷರಿ: ನೋಡು! ನಾನು ಹೇಳ್ಲಿಲ್ವಾ?

ನವಾಜ್ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದ. ಕೊಡವಿದರೆ ಬೊಗಸೆ ತುಂಬ ಕಾಫಿ ಸಿಪ್ಪೆಯ ಧೂಳು ಬಿತ್ತು. ಅದನ್ನು ಬದಲಾಯಿಸಿದ, ಪ್ಲಗ್ಗುಗಳನ್ನು ಹೊಸದು ಹಾಕಿದ. ಷಡಕ್ಷರಿ ಮತ್ತೆ ಹತ್ತಿ, ಮತ್ತೆ ತುಳಿದು, ಮತ್ತೆ ಫ್ಯಾನಿಗೆ ಹಾರನ್ ಹೊಡೆದರು. ಮೂವತ್ತೊಂದು ಬಂತು.

ನವಾಜ್: ಸಾವ್ಕಾರ್ರೇ, ಬೇಜಾರು ಮಾಡ್ಕೋಬೇಡಿ. ಒಂದೇ ಒಂದು ಸಲ ನಾನು ತುಳಿದು ನೋಡ್ತೀನಿ.

ಷಡಕ್ಷರಿ ಮಗಳನ್ನು ಧಾರೆ ಎರೆದು ಕೊಡುವವರ ಮುಖ ಮಾಡಿಕೊಂಡು ಕೀ ಕೊಟ್ಟರು. ನವಾಜ್ ಕೂತು ಒಂದು ಸಲ ತುಳಿದ, ಇನ್ನೊಂದು ಸಲ ತುಳಿದ.

ನವಾಜ್: ಇದು ಅರ್ಧಕ್ಕೇ ನಿಲ್ಲುತ್ತಲ್ಲ!

ಷಡಕ್ಷರಿ: ಅರ್ಧ ಎಂತದು? ಅದೇ ಪೂರ್ತಿ. ಹನ್ನೊಂದು ವರ್ಷದಿಂದ ಅದು ಅಷ್ಟೇ ಹೋಗೋದು.

ಇಷ್ಟು ಹೊತ್ತು ಗೆಲುವಿನಲ್ಲಿ ಅರಳಿದ್ದ ಮುದ್ದಮ್ಮನ ಮುಖ ಇದ್ದಕ್ಕಿದ್ದಂತೆ ಸಪ್ಪಗಾಯಿತು. ಏನೋ ನೆನಪಾಯಿತು ಅವರಿಗೆ. ಸೆರಗು ಸರಿಮಾಡಿಕೊಂಡು ಕಾರಿನ ಬಾಗಿಲ ಹತ್ತಿರ ಬಂದರು.

ಮುದ್ದಮ್ಮ: ನವಾಜ್, ಸಾಕು ಬಾರಪ್ಪ, ಹೊತ್ತಾಯ್ತು. ಮೂವತ್ತೊಂದೇ ಇರ್ಲಿ, ಒಳ್ಳೇ ಸಂಖ್ಯೆ.

ನವಾಜ್: ಪೆಡಲ್ ಕೆಳಗೆ ಏನೋ ಸಿಗ್ತಿದೆ ಅಮ್ಮಾ.

ಮುದ್ದಮ್ಮ: ಮ್ಯಾಟು ಅದು.

ನವಾಜ್: ಮ್ಯಾಟಿನ ಕೆಳಗೆ.

ಮುದ್ದಮ್ಮ: ಅದೂ ಮ್ಯಾಟೇ.

ನವಾಜ್: ಅದರ ಕೆಳಗೆ.

ಮುದ್ದಮ್ಮ: ಅಲ್ಲೆಲ್ಲ ಕೈ ಹಾಕ್ಬೇಡ. ಗಲೀಜು. ಹಾವುಗೀವು ಇರುತ್ತೆ.

ಷಡಕ್ಷರಿ: ಕಾರಿನೊಳಗೆ ಹಾವಾ?

ನವಾಜ್ ಎಳೆದ. ಎದ್ದು ಬಂದದ್ದು ಒಂದು ಗೋಣಿಚೀಲ. ನಾಲ್ಕು ಮಡಿಕೆ ಮಡಿಚಿ, ಸುತ್ತ ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿದಿತ್ತು. ಹನ್ನೊಂದು ವರ್ಷ ತುಳಿಸಿಕೊಂಡು ಹಲಗೆಯಂತೆ ಗಟ್ಟಿಯಾಗಿತ್ತು. ಮೇಲೆ ನೀಲಿ ಬಣ್ಣದಲ್ಲಿ ತ್ರಿಕೋನ, ಅದರೊಳಗೆ 'ಶಿ' ಎಂಬ ಅಕ್ಷರ. ಷಡಕ್ಷರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

ಷಡಕ್ಷರಿ: ಈ ಗುರುತು ಎಲ್ಲೋ ನೋಡಿದೀನಿ.

ಮುದ್ದಮ್ಮ: ವ್ಯಾಪಾರಿಗಳಿಗೆ ಎಲ್ಲಾ ಗೋಣೀನೂ ಒಂದೇ ಥರ ಕಾಣುತ್ತೆ.

ಷಡಕ್ಷರಿ: ನಿಮ್ಮಪ್ಪನ ತೋಟದ ಗುರುತು ಕಣೇ ಇದು.

ಮುದ್ದಮ್ಮ: ಇರ್ಬೋದು. ಅವರಿಗೆ ಕಾರು ಅಂದ್ರೆ ಇಷ್ಟ ಇತ್ತು.

ಷಡಕ್ಷರಿ: ಮುದ್ದೂ...

ಮುದ್ದಮ್ಮ: ಹೌದ್ರೀ, ನಾನೇ ಇಟ್ಟಿದ್ದು! ಏನೀಗ? ಆ ಮೊದಲನೇ ಸಲ ತವರಿಂದ ವಾಪಸ್ ಬರ್ತಾ ಘಾಟಿಲಿ ಹೇಗೆ ಓಡಿಸಿದ್ರಿ, ನೆನಪಿದೆಯಾ? ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಕಿಟಕಿಯಾಚೆ, ಬಾಯಲ್ಲಿ ಹಾಡು. ಒಂದೊಂದು ತಿರುವಲ್ಲೂ ನಾನು ಕಣ್ಣು ಮುಚ್ಚಿ ಶಿವ ಶಿವ ಅಂತಿದ್ದೆ. ನಿಧಾನ ಅಂದ್ರೆ ಇನ್ನೂ ಜೋರು. ನಿಮಗೇನಾದ್ರೂ ಆಗಿದ್ರೆ ನನ್ನ ಗತಿ ಏನಿತ್ತು? ಕಿವಿಗೆ ಹೇಳಿದ್ರೆ ಕೇಳ್ಲಿಲ್ಲ, ಅದಕ್ಕೆ ಕಾಲಿಗೆ ಹೇಳ್ದೆ.

ಷಡಕ್ಷರಿ: ಅಯ್ಯೋ ಮಾರಾಯ್ತಿ! ಗುಡ್ಡ ಹತ್ತೋಕೂ ಅದೇ ಪೆಡಲ್ ತುಳೀಬೇಕು ಕಣೇ!

ಮುದ್ದಮ್ಮ: ಅದು ನನಗೆ ಹೇಗೆ ಗೊತ್ತಾಗ್ಬೇಕು? ಜೋರಾಗಿ ಹೋಗೋಕೆ ಅದು, ಹತ್ತೋಕೆ ಗೇರು ಅಂದ್ಕೊಂಡಿದ್ದೆ. ತಿರುವು ಬಂದಾಗೆಲ್ಲ ನೀವು ಗೇರನ್ನೇ ಎಳೀತಿದ್ರಿ. ಆಮೇಲೆ ಗೋಣಿ ವಿಷಯಾನೇ ಮರ್ತುಹೋಯ್ತು.

ನವಾಜ್: ಅಂದ್ರೆ ಇಷ್ಟು ವರ್ಷ ನಿಮ್ಮನ್ನ ಇಳಿಸಿದ್ದು ನಿಮ್ಮ ಗೋಣಿನೇ ಅಮ್ಮಾ!

ಮುದ್ದಮ್ಮ: ನಿನ್ನನ್ನ ಯಾರಾದ್ರೂ ಕೇಳಿದ್ರಾ?

ಷಡಕ್ಷರಿ ನಗಲು ಶುರು ಮಾಡಿದರು. ನಕ್ಕು ನಕ್ಕು ಕಾಲು ನಿಲ್ಲದೆ ಹಳೆ ಟೈರುಗಳ ರಾಶಿಯ ಮೇಲೆ ಕೂತರು, ಕೂತು ಒಳಗೆ ಹೂತುಹೋದರು. ನವಾಜ್ ಕೈಹಿಡಿದು ಎಳೆಯಬೇಕಾಯಿತು. ಆಮೇಲೆ ನವಾಜನೇ ಕಾರು ಓಡಿಸಿದ. ಈ ಸಲ ಪೆಡಲ್ ನೆಲ ಮುಟ್ಟಿತು. ಮಾಡು ಮಾತ್ರವಲ್ಲ, ಪಕ್ಕದ ಹೋಟೆಲಿನ ಲೋಟಗಳೂ ನಡುಗಿದವು.

ನವಾಜ್: ಐವತ್ನಾಲ್ಕು! ಸಾವ್ಕಾರ್ರೇ, ರ್‍ಯಾಲಿ ಕಾರಿಗೆ ವಾರಗಟ್ಟಲೆ ಕೂತು ಟ್ಯೂನಿಂಗ್ ಮಾಡಿದ್ರೆ ಐದು ಎಚ್‌ಪಿ ಏರಿಸೋದು ಕಷ್ಟ. ಒಂದು ಗೋಣಿ ತೆಗೆದು ಇಪ್ಪತ್ಮೂರು ಏರಿಸಿದೀನಿ!

ಷಡಕ್ಷರಿ: ಹಾಗಾದ್ರೆ ಒಪ್ಪಂದದಲ್ಲಿ ನಾನು ಗೆದ್ದೆ.

ಮುದ್ದಮ್ಮ: ಹೇಗೆ? ಅರವತ್ತೇಳು ಬಂತಾ?

ಷಡಕ್ಷರಿ: ಔಟ್‌ಟರ್ನ್ ಕಣೇ ಇದು! ಪುಸ್ತಕದಲ್ಲಿರೋದು ಚೀಲದ ತೂಕ, ಒಳಗೆ ಬೀಜ ಇಷ್ಟೇ ಬರೋದು! ಈಗಷ್ಟೇ ನವಾಜ್ ಹೇಳಿದ್ದು ಕೇಳಿಸ್ಲಿಲ್ವಾ?

ಮುದ್ದಮ್ಮ: ಮಾತಾಗಿದ್ದು ಅರವತ್ತೇಳಕ್ಕೆ. ಕಮ್ಮಿ ಬಂದ್ರೆ ಮೈಕು.

ನವಾಜ್: ಅಮ್ಮಾವ್ರು ಹೇಳೋದು ನ್ಯಾಯ.

ಷಡಕ್ಷರಿ: ಆಗ್ಲಿ. ಮೈಕಲ್ಲಿ ಗೋಣಿ ವಿಷಯಾನೂ ಹೇಳ್ತೀನಿ.

ಮುದ್ದಮ್ಮ: ಹೇಳಿ, ಹೇಳಿ. "ಗೋಣಿ ನೋಡಿದ್ರೆ ಸಾಕು ಯಾವ ತೋಟದ್ದು ಅಂತ ಹೇಳೋ ವ್ಯಾಪಾರಿ ನಾನು. ನನ್ನ ಕಾಲ ಕೆಳಗೆ ಮಾವನ ಮನೆ ಗೋಣಿ ಹನ್ನೊಂದು ವರ್ಷ ಇತ್ತು, ನನಗೆ ಗೊತ್ತಾಗ್ಲಿಲ್ಲ" ಅಂತ ಸೇರಿಸಿ ಹೇಳಿ.

ಷಡಕ್ಷರಿ ಮತ್ತೆ ಟೈರಿನ ಕ್ಯಾಲೆಂಡರಿನ ಕಡೆ ತಿರುಗಿದರು.

ಷಡಕ್ಷರಿ: ಗೋಣಿ ವಿಷಯ ಬೇಡ ಬಿಡು.

ನವಾಜ್: ಇದನ್ನ ಬಿಸಾಕ್ಲಾ ಸಾವ್ಕಾರ್ರೇ?

ಷಡಕ್ಷರಿ: ಬೇಡ, ತಾ ಇಲ್ಲಿ. (ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ) ಅಷ್ಟು ಭಯ ಆಗಿತ್ತಾ ನಿಂಗೆ?

ಮುದ್ದಮ್ಮ: ಆಗಿತ್ತು.

ಷಡಕ್ಷರಿ: ಹೇಳ್ಬಾರ್ದಿತ್ತಾ?

ಮುದ್ದಮ್ಮ: ಹೇಳ್ದೆ. ನೀವು ಹಾಡ್ತಿದ್ರಿ.

ಷಡಕ್ಷರಿ ಗೋಣಿಯ ಧೂಳು ಕೊಡವಿ ಡಿಕ್ಕಿಯಲ್ಲಿ ಇಟ್ಟರು.

ಷಡಕ್ಷರಿ: ಇಲ್ಲೇ ಇರ್ಲಿ. ನಾನು ಮತ್ತೆ ಹಾಡೋಕೆ ಶುರು ಮಾಡಿದ್ರೆ ತೆಗೆದು ತೋರ್ಸು.

ನವಾಜ್: ಸಾವ್ಕಾರ್ರೇ, ಈ ಸಲ ನಮ್ಮಪ್ಪನ ಕಾಫಿ ನೋಡುವಾಗ ನಿಮ್ಮ ತಕ್ಕಡಿ ಕೆಳಗೂ ಒಂದ್ಸಲ ಕೈ ಹಾಕಿ ನೋಡಿ. ಯಾವುದಾದ್ರೂ ಗೋಣಿ ಸಿಕ್ಕಿಹಾಕ್ಕೊಂಡಿರುತ್ತೆ.

ಷಡಕ್ಷರಿ: ನೀನು ಕಾರಿನ ಬೆಲ್ಟು ಬಿಚ್ಚು ಮಾರಾಯ.

ಭಾನುವಾರ ಬಂತು. ಮುದ್ದಮ್ಮ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಉಂಡೆಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ತಿರುವು ಬಂದಾಗ ಕಣ್ಣು ಮುಚ್ಚಿಕೊಂಡರು. ಷಡಕ್ಷರಿ ಗೇರು ಇಳಿಸಿ ತುಳಿದರು. ಕಾರು ಒಮ್ಮೆ ಗುಟುರು ಹಾಕಿ, ಮುದ್ದಮ್ಮನನ್ನೂ ಉಂಡೆಯನ್ನೂ ಹೊತ್ತುಕೊಂಡು, ಎಲ್ಲೂ ನಿಲ್ಲದೆ ಮೇಲಕ್ಕೆ ಹತ್ತಿಬಿಟ್ಟಿತು. ಕಣ್ಣು ಬಿಟ್ಟ ಮುದ್ದಮ್ಮ ಖುಷಿಯಿಂದ ಹಿಂದಕ್ಕೆ ತಿರುಗಿ ನೋಡಿದರು. ಕೆಳಗೆ ಅಂಗಡಿಯ ಮುಂದೆ ಶಿವಗಂಗಮ್ಮ ಒಂದು ಕೈಯಲ್ಲಿ ಸ್ಟೂಲು, ಒಂದು ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು, ಹೋದ ಕಾರನ್ನೇ ನೋಡುತ್ತ ನಿಂತಿದ್ದರು.

ಮುದ್ದಮ್ಮ: ನಿಲ್ಸಿ.

ಷಡಕ್ಷರಿ: ಯಾಕೆ? ಹತ್ತಿ ಆಯ್ತಲ್ಲ!

ಮುದ್ದಮ್ಮ: ನಿಲ್ಸೀಂದ್ರೆ ನಿಲ್ಸಿ.

ಮುದ್ದಮ್ಮ ಇಳಿದು, ಸೀರೆ ಎತ್ತಿ ಹಿಡಿದು, ಕೆಳಗೆ ನಡೆದೇಬಿಟ್ಟರು. ಷಡಕ್ಷರಿಯೂ ಕಾರಿನ ಚಕ್ರಕ್ಕೆ ಕಲ್ಲು ಕೊಟ್ಟು ಹಿಂದೆ ಹೋದರು.

ಶಿವಗಂಗಮ್ಮ: ನಿಲ್ಲದೆ ಹೋದ್ರಲ್ಲ, ನನಗೆ ಎದೆ ಧಸಕ್ ಅಂತು ಮುದ್ದಮ್ಮ. ನನ್ನ ಮೇಲೆ ಏನಾದ್ರೂ ಬೇಜಾರಾ? ಅಥ್ವಾ ನೀವೇ ಸಣ್ಣ ಆದ್ರಾ?

ಮುದ್ದಮ್ಮ: ಹೂಂ. ಸ್ವಲ್ಪ ಸಣ್ಣ ಆಗಿದೀನಿ.

ಷಡಕ್ಷರಿಗೆ ಬಾಯಿಗೆ ಬಂದ ಮಾತನ್ನು ಮಜ್ಜಿಗೆಯ ಜೊತೆ ನುಂಗಬೇಕಾಯಿತು. ಪಕ್ಕದಲ್ಲೇ ಹೊಸ ಬಸ್ ನಿಲ್ದಾಣ. ಏಣಿಯ ಮೇಲೆ ಪೇಂಟರ್ ಕಲ್ಲೇಶ್ 'ಮುದ್ದ' ಎಂದು ಬರೆದು, ಬ್ರಷ್ ಎತ್ತಿ ಹಿಡಿದು ನಿಂತಿದ್ದ.

ಕಲ್ಲೇಶ್: ಈ ಹೆಸರು ಬೇಡ ಅಂತ ಗಲಾಟೆ ಮಾಡಿದ್ರಂತಲ್ಲ ಅಮ್ಮಾ? ಅಳಿಸ್ಲಾ?

ಷಡಕ್ಷರಿ: ಅಳಿಸಪ್ಪ. ಇನ್ಮೇಲೆ ಇವಳು ಇಲ್ಲಿ ಇಳಿಯೋ ಹಾಗಿಲ್ಲ.

ಮುದ್ದಮ್ಮ: ಯಾರು ಹೇಳಿದ್ದು? ಇಷ್ಟು ದಿನ ಕಾರು ಇಳಿಸ್ತಿತ್ತು, ಇನ್ಮೇಲೆ ನಾನೇ ಇಳೀತೀನಿ. ಶಿವಗಂಗಮ್ಮನ ಮಜ್ಜಿಗೆ ಬಿಟ್ಟು ಹೋಗೋಕಾಗುತ್ತಾ? ಬರಿ ಕಲ್ಲೇಶಾ. ಅಕ್ಷರ ದೊಡ್ಡದಾಗಿರ್ಲಿ.

ಕಾರು ಮೇಲೆ ನಿಂತಿತ್ತು. ಇಬ್ಬರೂ ಏರು ಹತ್ತತೊಡಗಿದರು. ಮುದ್ದಮ್ಮನಿಗೆ ಹನ್ನೊಂದು ವರ್ಷದ ಅಭ್ಯಾಸ, ಸರಸರನೆ ನಡೆದರು. ಷಡಕ್ಷರಿ ಆ ದಾರಿಯಲ್ಲಿ ಕಾಲಿಟ್ಟದ್ದೇ ಇದೇ ಮೊದಲು. ಅರ್ಧಕ್ಕೆ ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತುಬಿಟ್ಟರು.

ಷಡಕ್ಷರಿ: ಇಷ್ಟು ಏರಾ ಇದು! ಇದನ್ನ ಪ್ರತಿ ಸಲ ನಡೆದು ಹತ್ತಿದೀಯಾ ಮುದ್ದು?

ಮುದ್ದಮ್ಮ: ಮತ್ತೆ ಹಾರ್ಕೊಂಡು ಹೋಗ್ತಿದ್ನಾ?

ಷಡಕ್ಷರಿ: ತಪ್ಪಾಯ್ತು ಕಣೇ. ಮೈಕಲ್ಲಿ ಇದನ್ನೂ ಸೇರಿಸಿ ಹೇಳ್ತೀನಿ. ಒಂದ್ನಿಮಿಷ ತಡಿ, ಉಸಿರು ತಗೋತೀನಿ.

ಮುದ್ದಮ್ಮ ನಾಲ್ಕು ಹೆಜ್ಜೆ ಕೆಳಗಿಳಿದು ಬಂದು ಗಂಡನ ಕೈ ಹಿಡಿದುಕೊಂಡರು.

ಮುದ್ದಮ್ಮ: ಬನ್ನಿ ಬನ್ನಿ. ಮದುವೇಲಿ ನಿಮ್ಮ ಕಡೆಯೋರು ಏನೇನೋ ಹೇಳಿದ್ರು. ಚೀಲ ನೋಡಿ ಒಪ್ಕೊಂಡೆ, ಔಟ್‌ಟರ್ನ್ ಗೊತ್ತಾಗಿದ್ದು ಇವತ್ತೇ.